ಅಂಗಾಂಶದಲ್ಲಿ ತಾಮ್ರ ಎಲ್ಲಿದೆ? ಲೇಸರ್ ರೋಹಿತದರ್ಶನ ಬರೆಯುವ ಧಾತುಗಳ ನಕ್ಷೆ

ಸಭಿಕ ಬಂಧುಗಳೇ,

ವಿಲ್ಸನ್ ಕಾಯಿಲೆ ಎಂಬ ಆನುವಂಶಿಕ ರೋಗವೊಂದಿದೆ. ನಾವು ಉಣ್ಣುವ ಆಹಾರದಲ್ಲಿರುವ ತಾಮ್ರದಲ್ಲಿ ದೇಹಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಪಿತ್ತರಸದ ಮೂಲಕ ಹೊರಹಾಕುವುದು ಯಕೃತ್ತಿನ ಕೆಲಸ. ಎಟಿಪಿ7ಬಿ ಎಂಬ ಜೀನಿನಲ್ಲಿ ದೋಷವಿರುವವರಲ್ಲಿ ಈ ಕೆಲಸ ಸರಿಯಾಗಿ ನಡೆಯದೆ, ತಾಮ್ರವು ಮೊದಲು ಯಕೃತ್ತಿನಲ್ಲಿಯೂ ಅನಂತರ ಮೆದುಳಿನಲ್ಲಿಯೂ ಕಣ್ಣಿನ ಕಾರ್ನಿಯಾದ ಅಂಚಿನಲ್ಲಿಯೂ ಸೇರುತ್ತ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳ ಅವಧಿಯಲ್ಲಿ ತಾವು ಪರೀಕ್ಷಿಸಿದ 282 ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದರು. ಬೇಗ ಗುರುತಿಸಿದರೆ ಔಷಧಿಯಿಂದ ಹತೋಟಿಗೆ ಬರುವ, ತಡವಾದರೆ ಯಕೃತ್ತನ್ನೂ ಮೆದುಳನ್ನೂ ಹಾಳುಮಾಡುವ ಈ ಕಾಯಿಲೆಯಲ್ಲಿ ರೋಗನಿರ್ಣಯ ಎಷ್ಟು ಬೇಗ, ಎಷ್ಟು ಖಚಿತವಾಗಿ ಆಗುತ್ತದೆ ಎಂಬುದೇ ರೋಗಿಯ ಮುಂದಿನ ಬದುಕನ್ನು ನಿರ್ಧರಿಸುತ್ತದೆ.

ನಿರ್ಣಯದ ಒಂದು ದಾರಿ, ಸೂಜಿಯಿಂದ ಯಕೃತ್ತಿನ ಸಣ್ಣ ತುಣುಕನ್ನು ತೆಗೆದು ಅದರಲ್ಲಿರುವ ತಾಮ್ರವನ್ನು ಅಳೆಯುವುದು. ಒಣಗಿಸಿದ ಒಂದು ಗ್ರಾಂ ಯಕೃತ್ತಿನಲ್ಲಿ 250 ಮೈಕ್ರೋಗ್ರಾಂಗಿಂತ ಹೆಚ್ಚು ತಾಮ್ರವಿದ್ದರೆ ಕಾಯಿಲೆಯ ಸೂಚನೆ ಬಲವಾಗಿದೆಯೆಂದೂ, 50ಕ್ಕಿಂತ ಕಡಿಮೆಯಿದ್ದರೆ ಸಹಜವೆಂದೂ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಇವೆರಡರ ನಡುವಿನ ಅಂಕಿ ಬಂದಾಗ ತೊಡಕು ಶುರುವಾಗುತ್ತದೆ. ತುಣುಕನ್ನು ಆಮ್ಲದಲ್ಲಿ ಕರಗಿಸಿ ಅಳೆದಿರುವುದರಿಂದ ಕೈಗೆ ಸಿಗುವುದು ಸರಾಸರಿ ಮಾತ್ರ. ಸಿರೋಸಿಸ್ ಆಗಿರುವ, ಅಂದರೆ ಗಾಯದ ಕಲೆ ಕಟ್ಟಿ ಗಂಟುಗಂಟಾದ ಯಕೃತ್ತಿನಲ್ಲಿ ತಾಮ್ರ ಸಮನಾಗಿ ಹರಡಿರುವುದಿಲ್ಲ. ಒಂದು ಗಂಟಿನಲ್ಲಿ ದಟ್ಟವಾಗಿದ್ದು ಪಕ್ಕದ ಗಂಟಿನಲ್ಲಿ ಇಲ್ಲವೆಂಬಷ್ಟು ಕಡಿಮೆ ಇರಬಹುದು, ಸೂಜಿ ಯಾವುದನ್ನು ಹಿಡಿದಿತೋ ಅದರ ಮೇಲೆ ಅಂಕಿ ಏರುಪೇರಾಗುತ್ತದೆ. ಸೂಕ್ಷ್ಮದರ್ಶಕದಡಿ ನೋಡಲು ರೋಡನೀನ್ ಎಂಬ ಬಣ್ಣವಿದೆಯಾದರೂ, ಕಾಯಿಲೆಯ ಮೊದಲ ಹಂತದಲ್ಲಿ ತಾಮ್ರ ಜೀವಕೋಶದ ತುಂಬ ತೆಳ್ಳಗೆ ಹರಡಿರುವಾಗ ಅದು ಹಿಡಿಯುವುದಿಲ್ಲ. ಅಂದರೆ ಪ್ರಯೋಗಾಲಯ ಪ್ರಮಾಣವನ್ನು ಹೇಳುತ್ತದೆ, ಸ್ಥಳವನ್ನು ಹೇಳುವುದಿಲ್ಲ. ಸೂಕ್ಷ್ಮದರ್ಶಕ ಸ್ಥಳವನ್ನು ತೋರಿಸುತ್ತದೆ, ಅಲ್ಲಿರುವ ಧಾತು ಯಾವುದೆಂದು ಹೇಳುವಲ್ಲಿ ತಡವರಿಸುತ್ತದೆ.

ಈ ಎರಡನ್ನೂ ಒಂದೇ ಮಾಪನದಲ್ಲಿ ಕೂಡಿಸುವುದು ಹೇಗೆ ಎಂಬುದೇ ಇವತ್ತಿನ ವಿಷಯ. ದೇಹದಲ್ಲಿ ಒಂದು ಧಾತು ಇದೆ ಎಂಬ ಮಾತಿಗೆ ಅದರ ಜಾಗ ತಿಳಿಯುವವರೆಗೆ ವೈದ್ಯಕೀಯವಾಗಿ ಪೂರ್ಣ ಅರ್ಥ ಬರುವುದಿಲ್ಲವೆಂದು ನಾನು ನಂಬಿದ್ದೇನೆ. ಆ ಜಾಗವನ್ನು ಹುಡುಕಿಕೊಡುವ ಸಾಧನಗಳಲ್ಲಿ ಲೇಸರ್ ರೋಹಿತದರ್ಶನಕ್ಕೆ, ಅಂದರೆ ಲೇಸರಿನಿಂದ ಹೊಮ್ಮಿಸಿದ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಓದುವ ವಿಧಾನಕ್ಕೆ, ಸಲ್ಲಬೇಕಾದ ಗಮನ ನಮ್ಮ ವೈದ್ಯಕೀಯ ವಲಯದಲ್ಲಿ ಇನ್ನೂ ಸಂದಿಲ್ಲ.

ಮೂಲತತ್ವ ಹಳೆಯದು. ಒಲೆಯ ಮೇಲಿನ ಉಪ್ಪುನೀರು ಉಕ್ಕಿ ಬೆಂಕಿಗೆ ಬಿದ್ದಾಗ ಜ್ವಾಲೆ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದು ಸೋಡಿಯಂ ಪರಮಾಣುಗಳ ಬೆಳಕು. ಕಾಯಿಸಿದ ಪರಮಾಣುವಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಏರಿ, ಮರಳಿ ಇಳಿಯುವಾಗ ತನ್ನದೇ ಆದ ತರಂಗಾಂತರದ ಬೆಳಕನ್ನು ಹೊರಸೂಸುತ್ತದೆ. ಸೋಡಿಯಂಗೆ 589.0 ಮತ್ತು 589.6 ನ್ಯಾನೊಮೀಟರ್, ತಾಮ್ರಕ್ಕೆ 324.8 ಮತ್ತು 327.4, ಲಿಥಿಯಂಗೆ 670.8: ಪ್ರತಿ ಧಾತುವಿಗೂ ಬೇರೊಂದು ಧಾತುವಿಗಿಲ್ಲದ ರೇಖೆಗಳ ಗುಂಪೊಂದಿದೆ. ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ಇದೇ ದಾರಿಯಲ್ಲಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಧಾತುಗಳನ್ನು ಕಂಡುಹಿಡಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನಮ್ಮ ನೆರೆಯ ಗುಂಟೂರಿನಿಂದ ರೋಹಿತದರ್ಶಕದ ಮೂಲಕ ವೀಕ್ಷಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್, ಸೂರ್ಯನ ಅಂಚಿನಿಂದ ಬರುವ ಹಳದಿ ರೇಖೆಯೊಂದು 587.5 ನ್ಯಾನೊಮೀಟರ್‌ನಲ್ಲಿದೆ, ಸೋಡಿಯಂನ ಜಾಗದಲ್ಲಿಲ್ಲ ಎಂದು ಗಮನಿಸಿದರು. ಒಂದೂವರೆ ನ್ಯಾನೊಮೀಟರ್‌ನ ಆ ವ್ಯತ್ಯಾಸವನ್ನು ಅಲಕ್ಷಿಸದೆ ಇದ್ದುದರಿಂದ ಹೀಲಿಯಂ ಸಿಕ್ಕಿತು. ಇಷ್ಟು ಚಿಕ್ಕ ಅಂತರಗಳ ಮಹತ್ವ ಮುಂದೆ ಇನ್ನೊಮ್ಮೆ ಬರಲಿದೆ.

1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಲೇಸರನ್ನು ಬೆಳಗಿಸಿದರು. ಎರಡೇ ವರ್ಷಗಳಲ್ಲಿ ಬ್ರೆಕ್ ಮತ್ತು ಕ್ರಾಸ್ ಎಂಬ ಇಬ್ಬರು ಸಂಶೋಧಕರು ಅಂಥ ಲೇಸರಿನಿಂದ ಘನವಸ್ತುವಿನ ಮೇಲ್ಮೈಯನ್ನು ಆವಿಯಾಗಿಸಿ ಅದರ ರೋಹಿತವನ್ನು ಪಡೆಯಬಹುದೆಂದು ತೋರಿಸಿದರು. ಅಲ್ಲಿಂದ ಬೆಳೆದುಬಂದ ವಿಧಾನವನ್ನು ಇಂದು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಲಿಬ್ಸ್ ಎಂದು ಕರೆಯುತ್ತಾರೆ. ಲೇಸರ್ ಬೆಳಕಿನ ಮಿಡಿತವೊಂದು ವಸ್ತುವಿನ ಕಣವನ್ನು ಒಡೆದು ಪ್ಲಾಸ್ಮಾ ಮಾಡುತ್ತದೆ, ಆ ಪ್ಲಾಸ್ಮಾದ ಬೆಳಕನ್ನು ರೋಹಿತಮಾಪಕ ಓದುತ್ತದೆ.

ಒಡೆಯುವುದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಿಧಾನದ ಶಕ್ತಿಯೂ ಮಿತಿಯೂ ಇಲ್ಲಿಯೇ ಇವೆ. ಒಂದು ಮಿಲಿಜೌಲ್ ಶಕ್ತಿ ತೀರ ಅಲ್ಪ. ಆದರೆ ಅದನ್ನು ಐದು ನ್ಯಾನೊಸೆಕೆಂಡಿನಲ್ಲಿ ಹೊರಬಿಟ್ಟರೆ ಆ ಕ್ಷಣದ ಸಾಮರ್ಥ್ಯ ಎರಡು ಲಕ್ಷ ವ್ಯಾಟ್ ಆಗುತ್ತದೆ, ಅದನ್ನು ಹತ್ತು ಮೈಕ್ರೋಮೀಟರ್ ಅಗಲದ ಚುಕ್ಕೆಗೆ ಕೇಂದ್ರೀಕರಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ ನೂರು ಕೋಟಿ ವ್ಯಾಟಿನ ಮಿತಿಯನ್ನು ಬಹಳ ದೂರಕ್ಕೆ ದಾಟುತ್ತದೆ. ಅಷ್ಟು ತೀವ್ರತೆಯಲ್ಲಿ ಯಾವ ವಸ್ತುವೂ ಘನವಾಗಿ ಉಳಿಯಲಾರದು. ಚುಕ್ಕೆಯಲ್ಲಿದ್ದ ಅಂಗಾಂಶ ಆವಿಯಾಗಿ, ಅಣುಗಳು ಪರಮಾಣುಗಳಾಗಿ, ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗಿ, ಹತ್ತು ಸಾವಿರ ಡಿಗ್ರಿಗೂ ಮೀರಿದ ಉಷ್ಣತೆಯ ಪ್ಲಾಸ್ಮಾ ಅರಳುತ್ತದೆ. ಮೊದಲ ಕೆಲವು ನೂರು ನ್ಯಾನೊಸೆಕೆಂಡುಗಳ ಕಾಲ ಅದು ಸೂಸುವ ಬೆಳಕು ಎಲ್ಲ ತರಂಗಾಂತರಗಳಲ್ಲಿಯೂ ಹರಡಿರುವುದರಿಂದ ಧಾತುಗಳ ಗುರುತು ಅದರಲ್ಲಿ ಕಾಣದು. ಪ್ಲಾಸ್ಮಾ ಹಿಗ್ಗುತ್ತ ತಣಿದಂತೆ ಆ ಹಿನ್ನೆಲೆ ಕುಗ್ಗಿ ರೇಖೆಗಳು ಎದ್ದು ನಿಲ್ಲುತ್ತವೆ. ಆದ್ದರಿಂದ ಲೇಸರ್ ಹೊಡೆದ ಬಳಿಕ ಕೊಂಚ ತಡೆದು ಬೆಳಕನ್ನು ಒಳಬಿಡುವ ಸಂವೇದಕಗಳನ್ನು ಇಲ್ಲಿ ಬಳಸುತ್ತಾರೆ.

ಈ ವಿಧಾನಕ್ಕೆ ವಸ್ತುವನ್ನು ಕರಗಿಸಬೇಕಾಗಿಲ್ಲ, ನಿರ್ವಾತ ಬೇಕಾಗಿಲ್ಲ, ಹತ್ತಿರ ಹೋಗಬೇಕಾಗಿಯೂ ಇಲ್ಲ. ಮಂಗಳನ ಮೇಲಿರುವ ಕ್ಯೂರಿಯಾಸಿಟಿ ನೌಕೆಯ ಕೆಮ್‌ಕ್ಯಾಮ್ ಉಪಕರಣ 2012ರಿಂದ ಏಳು ಮೀಟರ್ ದೂರದವರೆಗಿನ ಬಂಡೆಗಳನ್ನು ಹೀಗೆಯೇ ಪರೀಕ್ಷಿಸುತ್ತ ಬಂದಿದೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿದ್ದ ಲಿಬ್ಸ್ ಉಪಕರಣ ನಮ್ಮ ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು. 2023ರ ಆಗಸ್ಟಿನಲ್ಲಿ ಅದು ಚಂದ್ರನ ದಕ್ಷಿಣ ಧ್ರುವದ ಬಳಿಯ ಮಣ್ಣಿನಲ್ಲಿ ಗಂಧಕವಿರುವುದನ್ನು ಅಲ್ಲಿಯೇ ಅಳೆದು ದೃಢಪಡಿಸಿತು. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಕ್ರೋಮಿಯಂ, ಟೈಟಾನಿಯಂಗಳ ರೇಖೆಗಳೂ ಸಿಕ್ಕವು. ಚಂದ್ರನ ಮಣ್ಣನ್ನು ಓದಿದ ವಿಧಾನವೇ ಒಂದು ಮೂತ್ರಪಿಂಡದ ತೆಳುಪದರವನ್ನೂ ಓದಬಲ್ಲದು.

ಓದುವಿಕೆಯನ್ನು ಚಿತ್ರವಾಗಿಸುವುದು ಮುಂದಿನ ಹೆಜ್ಜೆ. ಮಾದರಿಯನ್ನು ಚಲಿಸುವ ವೇದಿಕೆಯ ಮೇಲಿಟ್ಟು, ಪ್ರತಿ ಬಿಂದುವಿನಲ್ಲಿ ಒಂದು ಮಿಡಿತ ಹೊಡೆದು, ಒಂದು ರೋಹಿತ ದಾಖಲಿಸಿ, ಮುಂದಿನ ಬಿಂದುವಿಗೆ ಸರಿಯುತ್ತಾರೆ. ಒಂದು ಸೆಂಟಿಮೀಟರ್ ಉದ್ದಗಲದ ಅಂಗಾಂಶವನ್ನು 20 ಮೈಕ್ರೋಮೀಟರ್ ಅಂತರದಲ್ಲಿ ಓದಬೇಕಾದರೆ ಸಾಲಿಗೆ 500 ಬಿಂದುಗಳಂತೆ 500 ಸಾಲು, ಒಟ್ಟು 2,50,000 ಬಿಂದುಗಳು. ಸೆಕೆಂಡಿಗೆ 100 ಮಿಡಿತದ ಲೇಸರಿನಲ್ಲಿ ಇದಕ್ಕೆ ಸುಮಾರು 42 ನಿಮಿಷ ಹಿಡಿಯುತ್ತದೆ, ಸೆಕೆಂಡಿಗೆ 1000 ಮಿಡಿತವಾದರೆ ನಾಲ್ಕು ನಿಮಿಷ ಚಿಲ್ಲರೆ ಸಾಕು. ಪ್ರತಿ ರೋಹಿತದಲ್ಲಿ 2048 ಅಂಕಿಗಳಿದ್ದರೆ ಈ ಒಂದು ತುಣುಕಿನಿಂದಲೇ 51 ಕೋಟಿಗೂ ಮಿಕ್ಕ ಅಂಕಿಗಳು ಬರುತ್ತವೆ. ಅವುಗಳಿಂದ ತಾಮ್ರದ ರೇಖೆಯ ತೀವ್ರತೆಯನ್ನಷ್ಟೇ ಆಯ್ದು ಬಿಂದುಗಳಿಗೆ ಬಣ್ಣ ಕೊಟ್ಟರೆ ತಾಮ್ರದ ನಕ್ಷೆ, ಕಬ್ಬಿಣದ ರೇಖೆಯನ್ನು ಆಯ್ದರೆ ಕಬ್ಬಿಣದ ನಕ್ಷೆ. ಅಳತೆ ಒಂದೇ ಸಲ, ನಕ್ಷೆಗಳು ಹಲವು. ಇಂದು ಯೋಚಿಸದ ಧಾತುವನ್ನು ನಾಳೆ ಅದೇ ದತ್ತಾಂಶದಲ್ಲಿ ಹುಡುಕಬಹುದು.

ಫ್ರಾನ್ಸಿನ ಲಿಯಾನ್ ಮತ್ತು ಗ್ರೆನೋಬಲ್‌ನ ಭೌತವಿಜ್ಞಾನಿಗಳು, ಜೀವವಿಜ್ಞಾನಿಗಳು ಕೂಡಿ ಕಳೆದ ದಶಕದಲ್ಲಿ ಈ ಚಿತ್ರಣವನ್ನು ಅಂಗಾಂಶಗಳಿಗೆ ಒಗ್ಗಿಸಿದರು. ಗ್ಯಾಡೋಲಿನಿಯಂ ಎಂಬ ಲೋಹವಿರುವ ನ್ಯಾನೊಕಣಗಳನ್ನು ಇಲಿಗಳಿಗೆ ಚುಚ್ಚಿ, ಮೂತ್ರಪಿಂಡದ ಯಾವ ಭಾಗದಲ್ಲಿ ಅವು ಎಷ್ಟು ಕಾಲ ಉಳಿಯುತ್ತವೆ ಎಂಬುದನ್ನು ಅವರು ಲಿಬ್ಸ್ ನಕ್ಷೆಗಳಲ್ಲಿ ತೋರಿಸಿದರು. 2014ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲುಗಳಲ್ಲೊಂದು. ಅನಂತರ ಅವರು ಮನುಷ್ಯರ ಬಯಾಪ್ಸಿಗಳತ್ತ ತಿರುಗಿದರು. ಇಲ್ಲಿ ಒಂದು ಅನುಕೂಲ ಒದಗಿಬಂತು. ಆಸ್ಪತ್ರೆಗಳಲ್ಲಿ ಅಂಗಾಂಶವನ್ನು ಫಾರ್ಮಾಲಿನ್‌ನಲ್ಲಿ ಸ್ಥಿರಪಡಿಸಿ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ವರ್ಷಗಟ್ಟಲೆ ಕಾಪಿಡುತ್ತಾರೆ. ಪ್ಯಾರಾಫಿನ್ ಎಂದರೆ ಇಂಗಾಲ ಮತ್ತು ಜಲಜನಕ ಮಾತ್ರ, ಅದರ ರೇಖೆಗಳು ಲೋಹಗಳ ರೇಖೆಗಳಿಗೆ ಅಡ್ಡಬರುವುದು ಕಡಿಮೆ. ಹೀಗಾಗಿ ಪೆಥಾಲಜಿ ವಿಭಾಗಗಳ ಕಪಾಟುಗಳಲ್ಲಿರುವ ಹಳೆಯ ಬ್ಲಾಕುಗಳನ್ನೇ ನೇರವಾಗಿ ಪರೀಕ್ಷಿಸಬಹುದು.

ಶ್ವಾಸಕೋಶದ ರೋಗಗಳಲ್ಲಿ ಇದರ ಉಪಯೋಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಕುಟುಂಬಗಳಿಗೆ ಸಿಲಿಕೋಸಿಸ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಫಟಿಕಶಿಲೆಯ ಸೂಕ್ಷ್ಮ ಧೂಳು ಶ್ವಾಸಕೋಶ ಸೇರಿ ಅಲ್ಲಿ ಗಟ್ಟಿ ಗಂಟುಗಳನ್ನು ಕಟ್ಟುತ್ತದೆ. ಗಣಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಉಸಿರಾಟ ಕುಸಿಯುತ್ತ ಹೋಗುತ್ತದೆ. ಅಂಥ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಧ್ರುವೀಕೃತ ಬೆಳಕಿನಲ್ಲಿ ಸಿಲಿಕಾ ಕಣಗಳು ಮಂಕಾಗಿ ಹೊಳೆಯುತ್ತವೆ, ಆದರೆ ಹೊಳೆಯುವುದೆಲ್ಲ ಸಿಲಿಕಾ ಅಲ್ಲ. ಸಿಲಿಕಾನ್‌ನ 288.2 ನ್ಯಾನೊಮೀಟರ್ ರೇಖೆಯ ನಕ್ಷೆ ಗಂಟಿನ ಒಳಗೆ ಸಿಲಿಕಾನ್ ಇದೆಯೇ, ಅದರ ಜೊತೆ ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂಗಳೂ ಇವೆಯೇ ಎಂದು ತೋರಿಸಬಲ್ಲದು. ಜೊತೆಗಿರುವ ಧಾತುಗಳು ಧೂಳು ಯಾವ ಬಗೆಯದೆಂಬುದರ ಸುಳಿವು ಕೊಡುತ್ತವೆ. ದುಡಿಮೆಯಿಂದ ಬಂದ ಕಾಯಿಲೆಯೆಂದು ಸಾಬೀತುಪಡಿಸಿ ಪರಿಹಾರ ಪಡೆಯಬೇಕಾದ ಕಾರ್ಮಿಕನಿಗೆ ಈ ಸುಳಿವು ವಿದ್ವತ್ತಿನ ವಿಷಯವಲ್ಲ, ನ್ಯಾಯದ ವಿಷಯ.

ಬೆರಿಲಿಯಂನ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಅದರ ಧೂಳಿನಿಂದ ಶ್ವಾಸಕೋಶದಲ್ಲಿ ಉಂಟಾಗುವ ಗ್ರಾನುಲೋಮಗಳನ್ನು, ಅಂದರೆ ಉರಿಯೂತದ ಜೀವಕೋಶಗಳ ಪುಟ್ಟ ಗಂಟುಗಳನ್ನು, ಸಾರ್ಕಾಯ್ಡೋಸಿಸ್ ಎಂಬ ಬೇರೆಯೇ ರೋಗದ ಗ್ರಾನುಲೋಮಗಳಿಂದ ಸೂಕ್ಷ್ಮದರ್ಶಕದಲ್ಲಿ ಬೇರ್ಪಡಿಸಲು ಆಗುವುದಿಲ್ಲ. ಅಂಗಾಂಶದಲ್ಲಿ ಧಾತುಗಳನ್ನು ಹುಡುಕಲು ಸಾಮಾನ್ಯವಾಗಿ ಬಳಸುವ ಎಕ್ಸ್-ಕಿರಣ ವಿಧಾನಗಳು ಬೆರಿಲಿಯಂನಂಥ ಹಗುರ ಧಾತುಗಳ ಮುಂದೆ ಸೋಲುತ್ತವೆ, ಏಕೆಂದರೆ ಅವು ಸೂಸುವ ಎಕ್ಸ್-ಕಿರಣ ಅತಿ ದುರ್ಬಲ. ಲಿಥಿಯಂ, ಬೆರಿಲಿಯಂ, ಬೋರಾನ್‌ಗಳ ಬೆಳಕಿನ ರೇಖೆಗಳಾದರೋ ಪ್ಲಾಸ್ಮಾದಲ್ಲಿ ಸ್ಪಷ್ಟವಾಗಿರುತ್ತವೆ. ಹಗುರ ಧಾತುಗಳ ವಿಷಯದಲ್ಲಿ ಲಿಬ್ಸ್‌ಗಿರುವ ಈ ಮೇಲುಗೈ ಕಡೆಗಣಿಸುವಂಥದ್ದಲ್ಲ.

ಫ್ಲೂರಿನ್ ಕೂಡ ಹಾಗೆಯೇ. ಕೋಲಾರ, ಪಾವಗಡ, ರಾಯಚೂರು ಸೀಮೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾಗುವುದನ್ನು, ಮೂಳೆಗಳು ಬಿಗಿಯುವುದನ್ನು ತಲೆಮಾರುಗಳಿಂದ ಕಂಡಿದ್ದೇವೆ. ನೀರಿನ ಫ್ಲೋರೈಡನ್ನು ಅಳೆಯುವುದು ಸುಲಭ. ಅದು ಹಲ್ಲಿನ ಯಾವ ಪದರದಲ್ಲಿ ಸೇರಿದೆ ಎಂಬುದನ್ನು ನೋಡುವುದು ಕಷ್ಟ. ಮರದ ವರ್ಷದ ಉಂಗುರಗಳಂತೆ ಹಲ್ಲಿನ ಎನಾಮಲ್ ಪದರಪದರವಾಗಿ ಕಟ್ಟಿಕೊಂಡು ಮತ್ತೆ ಬದಲಾಗದೆ ಉಳಿಯುವುದರಿಂದ, ಪದರದ ಜಾಗ ತಿಳಿದರೆ ಮಗುವಿನ ಯಾವ ವಯಸ್ಸಿನಲ್ಲಿ ಆ ಧಾತು ದೇಹ ಸೇರಿತೆಂದು ಅಂದಾಜಿಸಬಹುದು. ಫ್ಲೂರಿನ್ ಪರಮಾಣುವಿನ ಸ್ವಂತ ರೇಖೆ ದುರ್ಬಲವಾದದ್ದು. ಆದರೆ ಪ್ಲಾಸ್ಮಾ ತಣಿಯುವಾಗ ಹಲ್ಲಿನ ಹೇರಳ ಕ್ಯಾಲ್ಸಿಯಂ ಜೊತೆ ಕೂಡಿ ಅದು ಕ್ಯಾಲ್ಸಿಯಂ ಫ್ಲೋರೈಡ್ ಅಣುವಾಗಿ, ಹಸಿರಿನಿಂದ ಕಿತ್ತಳೆಯವರೆಗಿನ ವಲಯದಲ್ಲಿ ಪಟ್ಟಿಗಳಾಗಿ ಬೆಳಗುತ್ತದೆ. ಆ ಪಟ್ಟಿಗಳನ್ನು ಅಳೆದು ಫ್ಲೂರಿನ್‌ನ ನಕ್ಷೆ ಬರೆಯಬಹುದು. ನಮ್ಮ ನೆಲದ ಸಮಸ್ಯೆಯೊಂದಕ್ಕೆ ಇಷ್ಟು ನೇರವಾಗಿ ಒದಗುವ ಉಪಾಯವನ್ನು ನಾವೇ ಮುಂದೆ ಬಂದು ಬಳಸಬೇಕು. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಲಿಬ್ಸ್ ಸಂಶೋಧನೆ ನಡೆಯುತ್ತ ಬಂದಿರುವುದರಿಂದ ಪರಿಣತಿಗಾಗಿ ದೂರ ಹುಡುಕಬೇಕಾಗಿಯೂ ಇಲ್ಲ.

ಮೂತ್ರಪಿಂಡದ ಕಲ್ಲುಗಳನ್ನು ಅಲಹಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಪರೀಕ್ಷಿಸಿದ್ದಾರೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಿನಲ್ಲಿ ಕ್ಯಾಲ್ಸಿಯಂ, ಸೋಂಕಿನಿಂದ ಹುಟ್ಟುವ ಸ್ಟ್ರೂವೈಟ್ ಕಲ್ಲಿನಲ್ಲಿ ಮೆಗ್ನೀಷಿಯಂ ಮತ್ತು ರಂಜಕ, ಸಿಸ್ಟೀನ್ ಕಲ್ಲಿನಲ್ಲಿ ಗಂಧಕ ಎದ್ದು ಕಾಣುತ್ತವೆ. ಕಲ್ಲನ್ನು ಕೊಯ್ದು ಕೇಂದ್ರದಿಂದ ಅಂಚಿನವರೆಗೆ ಓದಿದರೆ ಕಲ್ಲು ಯಾವುದರಿಂದ ಆರಂಭವಾಯಿತು, ಅನಂತರ ಯಾವುದು ಸುತ್ತಿಕೊಂಡಿತು ಎಂಬುದು ತಿಳಿಯುತ್ತದೆ.

ಲೇಸರನ್ನೇ ಬಳಸುವ ಇನ್ನೊಂದು ವಿಧಾನದ ಪರಿಚಯವಿಲ್ಲದೆ ಈ ಚಿತ್ರ ಪೂರ್ಣವಾಗದು. ಅದರಲ್ಲಿ ಲೇಸರ್ ಅಂಗಾಂಶವನ್ನು ಕೆತ್ತುತ್ತದೆ ಅಷ್ಟೆ. ಕೆತ್ತಿದ ಕಣಗಳನ್ನು ಅನಿಲದ ಹರಿವು ಆರ್ಗಾನ್ ಪ್ಲಾಸ್ಮಾಕ್ಕೆ ಒಯ್ಯುತ್ತದೆ, ಅಲ್ಲಿ ಅಯಾನುಗಳಾದ ಪರಮಾಣುಗಳನ್ನು ದ್ರವ್ಯರಾಶಿ ರೋಹಿತಮಾಪಕ ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಅನೇಕ ಲೋಹಗಳಿಗೆ ಇದು ಲಿಬ್ಸ್‌ಗಿಂತ ಬಹಳ ಸೂಕ್ಷ್ಮ, ಐಸೊಟೋಪುಗಳನ್ನೂ ಬೇರೆ ಬೇರೆಯಾಗಿ ಕಾಣಬಲ್ಲದು. ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅದರ ಪ್ಲಾಟಿನಂ ಮೂತ್ರಪಿಂಡದ ಯಾವ ವಲಯದಲ್ಲಿ ನೆಲೆಗೊಳ್ಳುತ್ತದೆಂದು ಈ ವಿಧಾನದಿಂದ ನಕ್ಷೆ ಮಾಡಿದ್ದಾರೆ. ಎಂಆರ್‌ಐ ತಪಾಸಣೆಗೆ ಚುಚ್ಚುವ ಗ್ಯಾಡೋಲಿನಿಯಂ ಪೂರ್ತಿ ಹೊರಹೋಗುತ್ತದೆಂಬ ನಂಬಿಕೆಯಿತ್ತು. 2014ರಲ್ಲಿ ಜಪಾನಿನ ವೈದ್ಯರು ಪದೇ ಪದೇ ಚುಚ್ಚುಮದ್ದು ಪಡೆದವರ ಮೆದುಳಿನ ಕೆಲವು ಭಾಗಗಳು ಚಿತ್ರದಲ್ಲಿ ಬೆಳ್ಳಗಾಗಿರುವುದನ್ನು ವರದಿ ಮಾಡಿದ ಮೇಲೆ ಆ ನಂಬಿಕೆ ಅಲುಗಾಡಿತು. 2017ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಆ ಬಗೆಯ ಹಲವು ಔಷಧಿಗಳ ಬಳಕೆಯನ್ನು ತಡೆಹಿಡಿಯುವಂತೆ ಶಿಫಾರಸು ಮಾಡಿತು. ಸ್ಥಳದ ಪ್ರಶ್ನೆ ಎಷ್ಟು ಗಂಭೀರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. 2014ರಲ್ಲಿಯೇ ಜ್ಯೂರಿಕ್‌ನ ತಂಡವೊಂದು, ಲೇಸರಿನಿಂದ ಕೆತ್ತಿ ದ್ರವ್ಯರಾಶಿ ಅಳೆಯುವ ಇದೇ ಬಗೆಯ ವಿಧಾನದಲ್ಲಿ, ಲ್ಯಾಂಥನೈಡ್ ಲೋಹಗಳನ್ನು ಅಂಟಿಸಿದ ಪ್ರತಿಕಾಯಗಳನ್ನು ಬಳಸಿ, ಒಂದೇ ಅಂಗಾಂಶದಲ್ಲಿ 32 ಪ್ರೋಟೀನು ಮತ್ತು ಅವುಗಳ ಮಾರ್ಪಾಡುಗಳನ್ನು ಒಂದು ಮೈಕ್ರೋಮೀಟರ್ ಸ್ಪಷ್ಟತೆಯಲ್ಲಿ ಚಿತ್ರಿಸಿತು. ಆದರೂ ಫ್ಲೂರಿನ್ ಮುಂದೆ ಈ ಬಲಿಷ್ಠ ವಿಧಾನವೂ ಕೈಚೆಲ್ಲುತ್ತದೆ: ಫ್ಲೂರಿನ್‌ನಿಂದ ಎಲೆಕ್ಟ್ರಾನ್ ಕೀಳಲು 17.4 ಎಲೆಕ್ಟ್ರಾನ್ ವೋಲ್ಟ್ ಬೇಕು, ಆರ್ಗಾನ್‌ನ ಅಯಾನೀಕರಣ ಶಕ್ತಿಯೇ 15.8, ಹೀಗಾಗಿ ಆರ್ಗಾನ್ ಪ್ಲಾಸ್ಮಾದಲ್ಲಿ ಫ್ಲೂರಿನ್ ಅಯಾನುಗಳಾಗುವುದು ತೀರ ಕಡಿಮೆ.

ಇನ್ನು ಎಚ್ಚರಿಕೆಯ ಮಾತುಗಳು. ಬಣ್ಣದ ನಕ್ಷೆ ಕಣ್ಣಿಗೆ ಬಹಳ ಬೇಗ ನಂಬಿಕೆ ಹುಟ್ಟಿಸುತ್ತದೆ, ಅದಕ್ಕೇ ಇವನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಯೂಮಿನಿಯಂನ ಪ್ರಬಲ ರೇಖೆ 396.15 ನ್ಯಾನೊಮೀಟರ್‌ನಲ್ಲಿದೆ. ಕ್ಯಾಲ್ಸಿಯಂ ಅಯಾನಿನ ಅತಿಪ್ರಬಲ ರೇಖೆ 396.85ರಲ್ಲಿದೆ. ನಡುವಿನ ಅಂತರ 0.7 ನ್ಯಾನೊಮೀಟರ್. ಕ್ಯಾಲ್ಸಿಯಂ ಹೆಚ್ಚಿರುವ ಕಡೆ ಅದರ ರೇಖೆ ಅಗಲವಾಗಿ ಅಲ್ಯೂಮಿನಿಯಂನ ಜಾಗವನ್ನು ಆವರಿಸಿದರೆ, ಸುಣ್ಣಗಟ್ಟಿದ ಅಂಗಾಂಶವೇ ಅಲ್ಯೂಮಿನಿಯಂ ತುಂಬಿದಂತೆ ನಕ್ಷೆಯಲ್ಲಿ ಹೊಳೆಯುತ್ತದೆ. ಲಸಿಕೆ ಚುಚ್ಚಿದ ಜಾಗದ ಗಂಟಿನಲ್ಲಿ ಅಲ್ಯೂಮಿನಿಯಂ ಲವಣವಿದೆಯೇ ಎಂಬಂಥ ಪ್ರಶ್ನೆಗೆ ಉತ್ತರಿಸುವಾಗ ಈ ತಪ್ಪು ನುಸುಳಿದರೆ ಅದರ ಪರಿಣಾಮ ಪ್ರಯೋಗಾಲಯದ ಆಚೆಗೂ ಹಬ್ಬುತ್ತದೆ. 394.4ರಲ್ಲಿರುವ ಅಲ್ಯೂಮಿನಿಯಂನ ಇನ್ನೊಂದು ರೇಖೆಯೂ ಸರಿಯಾದ ಪ್ರಮಾಣದಲ್ಲಿ ಎದ್ದಿದೆಯೇ ಎಂದು ಅದೇ ಬಿಂದುವಿನ ರೋಹಿತಕ್ಕೆ ಹಿಂತಿರುಗಿ ನೋಡದೆ ಯಾರೂ ಅಲ್ಯೂಮಿನಿಯಂನ ಹೆಸರೆತ್ತಬಾರದು.

ಎರಡನೆಯ ತೊಡಕು ಪ್ರಮಾಣದ್ದು. ಒಂದೇ ಪ್ರಮಾಣದ ಸತು ಮೂಳೆಯಲ್ಲಿದ್ದಾಗ ಕೊಡುವ ಬೆಳಕೇ ಬೇರೆ, ಯಕೃತ್ತಿನಲ್ಲಿದ್ದಾಗ ಕೊಡುವ ಬೆಳಕೇ ಬೇರೆ. ಲೇಸರ್ ಎಷ್ಟು ವಸ್ತುವನ್ನು ಕೀಳುತ್ತದೆ, ಪ್ಲಾಸ್ಮಾ ಎಷ್ಟು ಕಾಯುತ್ತದೆ ಎಂಬುದು ಸುತ್ತಲಿನ ವಸ್ತುವನ್ನು ಅವಲಂಬಿಸಿದೆ. ಆದ್ದರಿಂದ ತಿಳಿದ ಪ್ರಮಾಣದ ಧಾತುವನ್ನು ಜೆಲಟಿನ್‌ನಲ್ಲಿ ಬೆರೆಸಿದಂಥ, ಅಂಗಾಂಶವನ್ನು ಹೋಲುವ ಮಾನಕಗಳನ್ನು ಜೊತೆಗಿಟ್ಟು ಅಳೆಯಬೇಕು. ಹಾಗೆ ಮಾಡದ ನಕ್ಷೆಯಲ್ಲಿ ಕೆಂಪು ಬಣ್ಣಕ್ಕೆ ಆ ಚಿತ್ರದೊಳಗಿನ ಗರಿಷ್ಠ ಎಂಬಷ್ಟೇ ಅರ್ಥ, ಗರಿಷ್ಠವೇ ನಗಣ್ಯವಾಗಿರಬಹುದು.

ಮೂರನೆಯದು ಮಾದರಿಯ ಪೂರ್ವಚರಿತ್ರೆ. ಫಾರ್ಮಾಲಿನ್‌ನಲ್ಲಿ ನೆನೆದಾಗ ಸೋಡಿಯಂ, ಪೊಟ್ಯಾಸಿಯಂಗಳಂಥ ಸುಲಭವಾಗಿ ಚಲಿಸುವ ಅಯಾನುಗಳು ತೊಳೆದುಹೋಗುತ್ತವೆ. ಪ್ಯಾರಾಫಿನ್ ಬ್ಲಾಕಿನಲ್ಲಿ ಸಿಗುವ ಅವುಗಳ ನಕ್ಷೆ ಜೀವಂತ ಅಂಗಾಂಶದ್ದಲ್ಲ. ಅವು ಬೇಕಾದರೆ ಹೆಪ್ಪುಗಟ್ಟಿಸಿದ ಅಂಗಾಂಶವನ್ನೇ ಬಳಸಬೇಕು. ಲೇಸರ್ ಓದಿದ ಪದರ ಮತ್ತೆ ಉಪಯೋಗಕ್ಕೆ ಬರದ ಕಾರಣ ಅದರ ಪಕ್ಕದ ಪದರವನ್ನು ಎಂದಿನಂತೆ ಬಣ್ಣ ಹಾಕಿ ಪೆಥಾಲಜಿಸ್ಟರು ನೋಡುವುದು ಕಡ್ಡಾಯ. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಧಾತು ಯಾವ ಬಗೆಯ ಜೀವಕೋಶಗಳ ನಡುವೆ ಇದೆ ಎಂದು ಹೇಳಬಲ್ಲವರು ಅವರೇ. ಭೌತವಿಜ್ಞಾನಿ ಒಬ್ಬನೇ ಕುಳಿತು ಬರೆದ ವರದಿ ಇಲ್ಲಿ ನಡೆಯುವುದಿಲ್ಲ.

ಉಪನ್ಯಾಸದ ನಂತರ ಸಭೆಯಲ್ಲಿದ್ದ ವಿದ್ಯಾರ್ಥಿನಿಯೊಬ್ಬರು, ಬಯಾಪ್ಸಿ ತೆಗೆಯದೆ ರೋಗಿಯ ಮೈಮೇಲೆಯೇ ಇದನ್ನು ಮಾಡಬಹುದೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯಾದ್ದರಿಂದ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಕೂದಲು, ಉಗುರುಗಳ ಮೇಲೆ ಮಾಡಬಹುದು, ಅವುಗಳಲ್ಲಿ ಸೀಸದಂಥ ವಿಷಧಾತುಗಳ ಗುರುತು ಉಳಿಯುತ್ತದೆ. ಒಳಗಿನ ಅಂಗಗಳಿಗೆ ಲೇಸರ್ ತಲುಪಬೇಕಾದರೆ ಶಸ್ತ್ರಚಿಕಿತ್ಸೆಯೇ ಬೇಕು. ಹಾಗೆ ಶಸ್ತ್ರಚಿಕಿತ್ಸೆ ನಡೆಯುವಾಗಲೇ, ಮೂಳೆಯನ್ನು ಕತ್ತರಿಸುವ ಲೇಸರಿನ ಪ್ಲಾಸ್ಮಾ ಬೆಳಕನ್ನು ಓದುತ್ತ, ಕ್ಯಾಲ್ಸಿಯಂ ರೇಖೆ ಥಟ್ಟನೆ ಕುಗ್ಗಿದರೆ ಮೂಳೆ ಮುಗಿದು ನರ ಅಥವಾ ಮೆದು ಅಂಗಾಂಶ ಬಂತೆಂದು ಅರಿತು ಲೇಸರನ್ನು ತಾನಾಗಿಯೇ ನಿಲ್ಲಿಸುವ ಸಾಧನಗಳ ಬಗ್ಗೆ ಯುರೋಪಿನ ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆದಿದೆ. ಅಲ್ಲಿ ನಕ್ಷೆ ಬರೆಯುವಷ್ಟು ಬಿಂದುಗಳು ಬೇಕಾಗಿಲ್ಲ. ಲೇಸರ್ ಈಗ ನಿಂತಿರುವ ಬಿಂದು ಯಾವುದರದು ಎಂದು ಮುಂದಿನ ಮಿಡಿತಕ್ಕೆ ಮೊದಲೇ ತಿಳಿದರೆ ಸಾಕು.